ಬಾಲ್ಯದ ನೋವು, ಈಗಿನ ಖಿನ್ನತೆ, ಹತ್ತಿರದವರು: ಚಿಕಿತ್ಸೆಯಲ್ಲಿರುವ ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕವರಿದ್ದಾಗ ಹೊಡೆತ, ಬೈಗುಳ, ಲೈಂಗಿಕ ಹಿಂಸೆ ಕಂಡು, ಈಗ ದೊಡ್ಡವರಾದ ಮೇಲೆ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವ ಹೆಂಗಸರಿಗಾಗಿ ಇದನ್ನು ಬರೆದಿದ್ದೇನೆ. ಗಂಡ, ಅಮ್ಮ, ಮಕ್ಕಳು, ತವರು, ಅತ್ತೆಮನೆ ಇವರ ಜೊತೆ ಈ ದಿನಗಳಲ್ಲಿ ಹೇಗಿರುವುದು ಅನ್ನುವುದೇ ಇಲ್ಲಿನ ವಿಷಯ. ಒಂದೇ ಸಲ ಓದಿ ಮುಗಿಸಬೇಕು ಅಂತೇನಿಲ್ಲ. ಓದುವಾಗ ಎದೆ ಬಡಿತ ಜಾಸ್ತಿಯಾದರೆ ಅಲ್ಲಿಗೇ ಬಿಟ್ಟು ಬೇರೆ ಪ್ರಶ್ನೆಗೆ ಹೋಗಿ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮಾತ್ರ ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅದೆಲ್ಲ ಆಗಿ ಇಪ್ಪತ್ತು ವರ್ಷ ಆಯ್ತು. ಈಗಿನ ಖಿನ್ನತೆಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಇದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಅವರ ಜೊತೆಯವರು ಸಾವಿರಾರು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳಿ, 1998ರಲ್ಲಿ ವರದಿ ಮಾಡಿದರು. ಮನೆಯಲ್ಲಿ ಏಟು, ಲೈಂಗಿಕ ಹಿಂಸೆ, ಅಮ್ಮ ಹೊಡೆಸಿಕೊಳ್ಳುವುದನ್ನು ನೋಡುವುದು, ಕುಡಿತ ಹೀಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಷ್ಟ ಕಂಡವರಿಗೆ ಖಿನ್ನತೆ, ಮದ್ಯದ ಚಟ, ಆತ್ಮಹತ್ಯೆಯ ಪ್ರಯತ್ನ ಇವುಗಳ ಅಪಾಯ, ಯಾವುದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಜಾಸ್ತಿ ಇತ್ತು. ಅಂದರೆ ನೀವು ಹಳೆಯದನ್ನು ಸುಮ್ನೆ ಕೆದಕುತ್ತಿಲ್ಲ.

ನೀವು ಒಬ್ಬರೇ ಅಲ್ಲ ಅನ್ನುವುದಕ್ಕೂ ಲೆಕ್ಕ ಇದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕೇಳಿ ಮಾಡಿದ ಅಧ್ಯಯನ ಹೊರಬಂತು. ಕರ್ನಾಟಕ ಅದರಲ್ಲಿರಲಿಲ್ಲ. ಆದರೆ ಅಕ್ಕಪಕ್ಕದ ಮಹಾರಾಷ್ಟ್ರ, ಗೋವಾ, ಕೇರಳ, ಆಂಧ್ರ ಇದ್ದವು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆ ಆಗಿದೆ ಅಂದರು. ಹಿಂಸೆ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು.

ಈ ಕೊನೆಯ ಮಾತು ಮುಖ್ಯ. ಕಾಪಾಡಬೇಕಾದವರೇ ನೋಯಿಸಿದಾಗ, ಹತ್ತಿರದವರು ಅಂದರೆ ಅಪಾಯ ಅಂತ ಮಗು ಕಲಿಯುತ್ತದೆ. ಮುಂದೆ ಮದುವೆ, ಗೆಳೆತನ, ಕೆಲಸ ಎಲ್ಲ ಕಡೆ ಅದೇ ಪಾಠ ಕೆಲಸ ಮಾಡುತ್ತಿರುತ್ತದೆ. ಖಿನ್ನತೆ ಬಂದಾಗ ಜನ ಬೇಕು. ಆದರೆ ಜನರನ್ನು ಕಂಡರೇ ಭಯ. ಒದ್ದಾಟ ಇರುವುದೇ ಇಲ್ಲಿ.

ನನಗೆ ಬರೀ ಹೊಡೆತ, ಬೈಗುಳ ಇತ್ತು. ಅದನ್ನೂ ದೌರ್ಜನ್ಯ ಅಂತಾರಾ?

ಹೌದು. "ಎಲ್ಲರ ಮನೇಲೂ ಹೊಡೀತಿದ್ರು" ಅನ್ನುವುದು ನಿಜ ಇರಬಹುದು, ಅದರಿಂದ ಏಟಿನ ನೋವು ಕಡಿಮೆಯಾಗುವುದಿಲ್ಲ. "ಹೆಣ್ಣು ಹುಟ್ಟಿದ್ದೇ ದಂಡ" ಅಂತ ದಿನಾ ಕೇಳಿಸಿಕೊಂಡು ಬೆಳೆಯುವುದು, ಊಟ ಹಾಕದೆ ಕೂರಿಸುವುದು, ಅಳುತ್ತಿದ್ದರೂ ಯಾರೂ ತಿರುಗಿ ನೋಡದಿರುವುದು ಎಲ್ಲವೂ ಇದರೊಳಗೇ ಬರುತ್ತದೆ.

ಮಾತ್ರೆ ತಗೋತಿದ್ದೀನಲ್ಲ, ಸಾಕಾಗಲ್ವಾ? ಸಂಬಂಧಗಳ ಮಾತು ಯಾಕೆ?

ಮಾತ್ರೆ ಬೇಕಾದವರಿಗೆ ಬೇಕೇ ಬೇಕು. ಅದನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ನಿಮ್ಮಂಥವರಿಗೆ ಮಾತಿನ ಚಿಕಿತ್ಸೆ ವಿಶೇಷವಾಗಿ ಬೇಕು ಅನ್ನುವುದಕ್ಕೆ ಆಧಾರ ಇದೆ. ದೀರ್ಘಕಾಲದ ಖಿನ್ನತೆ ಇದ್ದ 681 ಜನರ ಮೇಲೆ ನಡೆದ ಅಧ್ಯಯನವೊಂದನ್ನು ಚಾರ್ಲ್ಸ್ ನೆಮರಾಫ್ ಮತ್ತು ಸಂಗಡಿಗರು 2003ರಲ್ಲಿ ಮತ್ತೆ ಜಾಲಾಡಿದರು. ಬಾಲ್ಯದಲ್ಲಿ ಆಘಾತ ಕಂಡವರಿಗೆ ಮಾತ್ರೆಯೊಂದರಿಂದ ಆದ ಗುಣಕ್ಕಿಂತ ಮಾತಿನ ಚಿಕಿತ್ಸೆಯಿಂದ ಆದ ಗುಣ ಹೆಚ್ಚಾಗಿತ್ತು. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇನ್ನೊಂದು ವಿಷಯ ಕಂಡಿತು: ಬಾಲ್ಯದಲ್ಲಿ ಹಿಂಸೆ ಕಂಡವರಿಗೆ ಖಿನ್ನತೆ ಮತ್ತೆ ಮತ್ತೆ ಬರುವುದು, ಬಿಡದೆ ಉಳಿಯುವುದು ಜಾಸ್ತಿ. ಆರು ತಿಂಗಳಾದರೂ ಪೂರ್ತಿ ಸರಿಹೋಗಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳುತ್ತಿದ್ದರೆ ಇದನ್ನು ನೆನಪಿಡಿ. ಸೋಮಾರಿತನಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸಂಬಂಧಗಳ ಮೇಲೆಯೇ ಕೆಲಸ ಮಾಡುವ ಒಂದು ಚಿಕಿತ್ಸೆ ಇದೆ. ಅದಕ್ಕೆ ಇಂಟರ್‌ಪರ್ಸನಲ್ ಸೈಕೋಥೆರಪಿ ಅಂತ ಹೆಸರು, ಚಿಕ್ಕದಾಗಿ ಐಪಿಟಿ. ಜೆರಾಲ್ಡ್ ಕ್ಲೆರ್ಮನ್ ಮತ್ತು ಮಿರ್ನಾ ವೈಸ್‌ಮನ್ 1970ರ ದಶಕದಲ್ಲಿ ಇದನ್ನು ರೂಪಿಸಿದರು. ಚಿಕ್ಕಂದಿನಲ್ಲಿ ಲೈಂಗಿಕ ಹಿಂಸೆ ಕಂಡಿದ್ದ, ಖಿನ್ನತೆಯಿಂದ ಬಳಲುತ್ತಿದ್ದ 70 ಹೆಂಗಸರ ಮೇಲೆ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ನ್ಯಾನ್ಸಿ ಟಾಲ್ಬಟ್ ಮತ್ತು ಜೊತೆಯವರು ಇದನ್ನು ಪರೀಕ್ಷಿಸಿ, 2011ರಲ್ಲಿ ವರದಿ ಮಾಡಿದರು. ಆ ಕೇಂದ್ರದಲ್ಲಿ ಎಂದಿನಂತೆ ಸಿಗುತ್ತಿದ್ದ ಚಿಕಿತ್ಸೆಗಿಂತ ಇದರಲ್ಲಿ ಖಿನ್ನತೆ ಹೆಚ್ಚು ಇಳಿಯಿತು, ಆಘಾತದ ಲಕ್ಷಣಗಳೂ ಇಳಿದವು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಅವರೊಳಗಿನ ನಾಚಿಕೆಯೂ ಕಡಿಮೆಯಾಯಿತು. ತಪ್ಪು ಮಾಡಿದವನು ಹೊರಬೇಕಾದ ನಾಚಿಕೆಯನ್ನು ಇವರು ಅಷ್ಟು ವರ್ಷ ಹೊತ್ತಿದ್ದರು.

ಇದು ಓದಿದವರಿಗೆ, ಪಟ್ಟಣದವರಿಗೆ ಮಾತ್ರ ಅಂದುಕೊಳ್ಳಬೇಡಿ. ಉಗಾಂಡದ ಹಳ್ಳಿಗಳಲ್ಲಿ ಎರಡೇ ವಾರ ತರಬೇತಿ ಪಡೆದ ಸ್ಥಳೀಯರು ಗುಂಪಿನಲ್ಲಿ ಕೂರಿಸಿ ಇದನ್ನು ಮಾಡಿದರು. ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಗುಂಪು ಐಪಿಟಿಗೆ ಕೈಪಿಡಿಯನ್ನೇ ತಂದಿತು.

ಅಲ್ಲಿ ಹೋದರೆ ಏನು ಮಾಡ್ತಾರೆ?

ಮೊದಲ ಭೇಟಿಗಳಲ್ಲಿ ನಿಮ್ಮ ಬದುಕಿನಲ್ಲಿ ಯಾರ್ಯಾರಿದ್ದಾರೆ ಅಂತ ಕೇಳುತ್ತಾರೆ. ಯಾರ ಜೊತೆ ಮಾತಿದೆ, ಯಾರ ಜೊತೆ ನಿಂತಿದೆ, ಕಷ್ಟ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ, ಯಾರ ಫೋನ್ ಬಂದರೆ ಹೊಟ್ಟೆಯಲ್ಲಿ ತಳಮಳ ಆಗುತ್ತದೆ. ಆಮೇಲೆ ಈಗಿನ ಖಿನ್ನತೆ ಯಾವುದರ ಸುತ್ತ ಗಂಟು ಹಾಕಿಕೊಂಡಿದೆ ಅಂತ ನೋಡುತ್ತಾರೆ: ಯಾರಾದರೂ ತೀರಿಕೊಂಡರಾ, ಯಾರ ಜೊತೆಗಾದರೂ ಜಗಳ ನಡೆಯುತ್ತಿದೆಯಾ, ಮದುವೆ, ಹೆರಿಗೆ, ಊರು ಬದಲಾವಣೆ ಥರದ್ದೇನಾದರೂ ಆಯಿತಾ, ಇಲ್ಲಾ ಹತ್ತಿರದವರು ಅಂತ ಯಾರೂ ಇಲ್ಲವಾ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ.

ಕೆಲಸ ನಡೆಯುವ ರೀತಿ ಗೊತ್ತಾಗಲಿ ಅಂತ ಒಂದು ಉದಾಹರಣೆ ಕೊಡುತ್ತೇನೆ. ಇದು ಯಾರೋ ಒಬ್ಬರದ್ದಲ್ಲ, ಹಲವರ ಮಾತು ಸೇರಿಸಿದ್ದು. ಗಂಡ ಏಳಕ್ಕೆ ಬರುತ್ತೇನೆ ಅಂದಿದ್ದ, ಒಂಬತ್ತೂವರೆಗೆ ಬಂದ. ಇವಳು ಅನ್ನ ಸಾರು ಮುಚ್ಚಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದಳು. "ಊಟ?" ಅಂದ. "ಬೇಕಾದ್ರೆ ಬಡಿಸ್ಕೊಳ್ಳಿ" ಅಂದಳು. "ಬಂದ ತಕ್ಷಣ ಶುರುವಾಯ್ತು ನಿಂದು" ಅಂದ. ಮೂರು ದಿನ ಮಾತಿಲ್ಲ.

ಚಿಕಿತ್ಸೆ ಮಾಡುವವರು ಇದನ್ನು ಒಂದೊಂದು ಮಾತಾಗಿ ಬಿಡಿಸುತ್ತಾರೆ. ಅವರು ಬಾಗಿಲು ತೆಗೆದಾಗ ನಿಮಗೇನನ್ನಿಸಿತು? ನೀವು ಅಂದದ್ದೇನು? ನಿಜವಾಗಿ ಹೇಳಬೇಕು ಅಂದುಕೊಂಡಿದ್ದೇನು? ತುಂಬ ಹೊತ್ತಿನ ಮೇಲೆ ಉತ್ತರ ಬಂತು: "ಏಳು ದಾಟಿದ ಮೇಲೆ ಕೈ ನಡುಗೋಕೆ ಶುರುವಾಯ್ತು. ಚಿಕ್ಕವಳಿದ್ದಾಗ ಅಪ್ಪ ತಡವಾಗಿ ಬಂದ್ರು ಅಂದ್ರೆ ಕುಡಿದೇ ಬಂದ್ರು ಅಂತ ಅರ್ಥ. ನಾನು ಕಾಟ್ ಕೆಳಗೆ ಹೋಗ್ತಿದ್ದೆ." ಗಂಡನಿಗೆ ಇದು ಯಾವುದೂ ಗೊತ್ತಿಲ್ಲ. ಅವನಿಗೆ ಕಂಡದ್ದು ಸಿಟ್ಟು ಮಾತ್ರ. ಹೇಳಬೇಕಾದ ಮಾತನ್ನು ಅಲ್ಲೇ ಕೂತು ಅಭ್ಯಾಸ ಮಾಡಿದರು. ಮನೆಗೆ ಹೋಗಿ ಅವಳು ಹೇಳಿದ್ದು ಇಷ್ಟೇ: "ತಡ ಆದ್ರೆ ಒಂದು ಫೋನ್ ಮಾಡಿ. ನಂಗೆ ಭಯ ಆಗುತ್ತೆ." ಅವನು, "ಭಯನಾ? ನಾನು ಕೋಪ ಅಂದ್ಕೊಂಡಿದ್ದೆ" ಅಂದ. ಅಪ್ಪನ ವಿಷಯ ಇನ್ನೂ ಹೇಳಿರಲಿಲ್ಲ. ಹೇಳದೆಯೂ ಒಂದು ಕೆಲಸ ಆಯಿತು.

ಹಳೆಯದನ್ನೆಲ್ಲ ವಿವರವಾಗಿ ಹೇಳಲೇಬೇಕಾ?

ಬೇಡ. ಐಪಿಟಿಯಲ್ಲಿ ಆ ಘಟನೆಯನ್ನು ಬಿಡಿಸಿ ಹೇಳಿಸುವುದಿಲ್ಲ, ಅದು ಈಗಿನ ಸಂಬಂಧಗಳಲ್ಲಿ ಎಲ್ಲಿ ತೊಡಕಾಗುತ್ತಿದೆ ಅಂತ ನೋಡುತ್ತಾರೆ. ಘಟನೆಯ ನೆನಪಿನ ಮೇಲೆಯೇ ಕೆಲಸ ಮಾಡುವ ಚಿಕಿತ್ಸೆಗಳೂ ಇವೆ. ಅವುಗಳಲ್ಲೂ ಕೆಲವು ಮೊದಲು ಭಾವನೆ ತಡೆದುಕೊಳ್ಳುವುದನ್ನು, ಜನರ ಜೊತೆ ನಡೆದುಕೊಳ್ಳುವುದನ್ನು ಕಲಿಸಿ, ಆಮೇಲೆ ನೆನಪಿಗೆ ಕೈ ಹಾಕುತ್ತವೆ. ಮೊದಲ ದಿನವೇ "ಪೂರ್ತಿ ಹೇಳಿ, ಏನೇನಾಯ್ತು" ಅಂತ ಒತ್ತಾಯಿಸುವವರ ಹತ್ತಿರ "ಇವತ್ತು ಬೇಡ" ಅನ್ನುವ ಹಕ್ಕು ನಿಮಗಿದೆ.

ಯಾರನ್ನೂ ನಂಬೋಕೇ ಆಗಲ್ಲ. ಕೌನ್ಸೆಲರ್ ಮೇಲೂ ಅನುಮಾನ ಬರುತ್ತೆ.

ತೆನಾಲಿ ರಾಮನ ಬೆಕ್ಕು ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಮೇಲೆ ಹಾಲು ಕಂಡರೆ ಓಡುತ್ತಿತ್ತು ಅಲ್ವಾ? ಓಡಿದ್ದು ಬೆಕ್ಕಿನ ತಪ್ಪಲ್ಲ. ನಿಮ್ಮ ಅನುಮಾನ ಒಂದು ಕಾಲದಲ್ಲಿ ನಿಮ್ಮನ್ನು ಕಾಪಾಡಿದೆ. ಅದನ್ನು ಒಂದೇ ಸಲ ಬಿಟ್ಟುಬಿಡಿ ಅಂತ ಯಾರೂ ಹೇಳಬಾರದು.

ನಂಬಿಕೆಯನ್ನು ಚೂರುಚೂರಾಗಿ ಕೊಟ್ಟು ನೋಡಬಹುದು. ಚಿಕ್ಕ ವಿಷಯವೊಂದನ್ನು ಹೇಳಿ, ಅದು ಎಲ್ಲಿಗೂ ಹೋಗಲಿಲ್ಲ ಅಂತ ಖಾತ್ರಿಯಾದ ಮೇಲೆ ಇನ್ನೊಂದು. ಕೌನ್ಸೆಲರ್‌ಗೂ ನೇರವಾಗಿ ಹೇಳಿ: "ಹೋದ ವಾರ ನೀವು ಗಡಿಯಾರ ನೋಡಿದ್ರಿ, ನನ್ನ ಮಾತು ಬೇಜಾರಾಯ್ತೇನೋ ಅನ್ನಿಸ್ತು." ಒಳ್ಳೆಯ ಕೌನ್ಸೆಲರ್ ಇದಕ್ಕೆ ಸಿಟ್ಟಾಗುವುದಿಲ್ಲ. ಬೇಜಾರನ್ನು ಬಾಯಿಬಿಟ್ಟು ಹೇಳಿಯೂ ಸಂಬಂಧ ಮುರಿಯಲಿಲ್ಲ ಅನ್ನುವ ಅನುಭವ ಹಲವರಿಗೆ ಆಗುವುದು ಇಲ್ಲೇ ಮೊದಲು. ಚಿಕಿತ್ಸೆ ಕೊಡುವವರು ಮೈ ಮುಟ್ಟಿದರೆ, ಹೊರಗೆ ಸಿಗೋಣ ಅಂದರೆ, ನಿಮ್ಮ ಗುಟ್ಟು ಬೇರೆಯವರಿಗೆ ಹೇಳಿದರೆ ಮಾತ್ರ ಅದು ನಿಮ್ಮ ಅನುಮಾನದ ಕಾಯಿಲೆಯಲ್ಲ. ಅಲ್ಲಿಂದ ಎದ್ದು ಬನ್ನಿ.

ಗಂಡನಿಗೆ ಹೇಳಬೇಕಾ?

ಹೇಳಲೇಬೇಕು ಅನ್ನುವ ನಿಯಮ ಇಲ್ಲ. "ಗಂಡ ಹೆಂಡತಿ ಮಧ್ಯೆ ಗುಟ್ಟು ಇರಬಾರದು" ಅನ್ನುವ ಮಾತಿಗೆ ಹೆದರಿ ಹೇಳಬೇಡಿ. ನಿಮಗೆ ಮಾಡಿದ ಅಪರಾಧ ನಿಮ್ಮ ಗುಟ್ಟಾಗುವುದಿಲ್ಲ, ಹೇಳದಿದ್ದರೆ ಮೋಸವೂ ಆಗುವುದಿಲ್ಲ.

ಹೇಳಬೇಕು ಅನ್ನಿಸಿದರೆ ಮೊದಲು ಅವರನ್ನು ಸ್ವಲ್ಪ ಗಮನಿಸಿ. ಟಿವಿಯಲ್ಲಿ ಇಂಥ ಸುದ್ದಿ ಬಂದಾಗ ಏನನ್ನುತ್ತಾರೆ? "ಪಾಪ" ಅನ್ನುತ್ತಾರಾ, "ಅವಳು ಅಲ್ಲಿಗೆ ಯಾಕೆ ಹೋಗಿದ್ದು" ಅನ್ನುತ್ತಾರಾ? ಜಗಳ ಬಂದಾಗ ನೀವು ನಂಬಿ ಹೇಳಿದ್ದನ್ನೇ ತಿರುಗಿಸಿ ಚುಚ್ಚಿದ್ದಾರಾ? ಅತ್ತೆಗೆ ಹೇಳಬೇಡಿ ಅಂದದ್ದು ಅತ್ತೆಗೆ ಹೋಗಿದೆಯಾ? ಈ ಉತ್ತರಗಳು ನಿಮಗೆ ಆಗಲೇ ಗೊತ್ತಿರುತ್ತವೆ.

ಹೇಳುವಾಗ ಪೂರ್ತಿ ಹೇಳಬೇಕಿಲ್ಲ. "ಚಿಕ್ಕವಳಿದ್ದಾಗ ನನಗೆ ಕೆಟ್ಟದ್ದೊಂದು ಆಗಿದೆ. ವಿವರ ಈಗ ಹೇಳೋಕಾಗಲ್ಲ. ಡಾಕ್ಟರ್ ಹತ್ತಿರ ಮಾತಾಡ್ತಿದ್ದೀನಿ. ನೀವು ಏನೂ ಮಾಡೋದು ಬೇಡ, ಯಾರಿಗೂ ಹೇಳೋದು ಬೇಡ, ಕೇಳಿಸ್ಕೊಂಡ್ರೆ ಸಾಕು." ಇಷ್ಟು ಸಾಕು. ರಾತ್ರಿ ಹನ್ನೊಂದಕ್ಕೆ, ಜಗಳದ ಮಧ್ಯೆ, ಅವರು ಕುಡಿದಿರುವಾಗ ಬೇಡ. ಕೌನ್ಸೆಲರ್ ಎದುರಿಗೆ ಹೇಳುವುದಕ್ಕೂ ದಾರಿ ಇದೆ.

ಅವರ ಮೊದಲ ಪ್ರತಿಕ್ರಿಯೆ ಸರಿ ಇಲ್ಲದಿರಬಹುದು. "ಯಾರವನು ಹೇಳು, ಈಗಲೇ ಹೋಗಿ ವಿಚಾರಿಸ್ತೀನಿ" ಅಂತ ಎದ್ದು ನಿಲ್ಲುವವರಿದ್ದಾರೆ. ಆ ಸಿಟ್ಟು ನಿಮ್ಮ ಮೇಲಲ್ಲ. ಆದರೂ ನಿಮಗೆ ಭಯ ಆಗುತ್ತದೆ, ಅದನ್ನು ಹೇಳಿ. "ಮದುವೆಗೆ ಮುಂಚೆ ಯಾಕೆ ಹೇಳ್ಲಿಲ್ಲ" ಅನ್ನುವವರೂ ಇದ್ದಾರೆ. ಈ ಮಾತು ತುಂಬ ನೋಯಿಸುತ್ತದೆ. ಕೆಲವರು ನಾಲ್ಕು ದಿನ ಬಿಟ್ಟು ತಾವಾಗಿಯೇ ಬಂದು "ಅವತ್ತು ಹಾಗನ್ನಬಾರದಿತ್ತು" ಅನ್ನುತ್ತಾರೆ. ಅನ್ನದೆ, ಅದನ್ನೇ ಹಿಡಿದು ಹಂಗಿಸುತ್ತಿದ್ದರೆ ಮುಂದಿನ ವಿವರ ಅವರಿಗೆ ಬೇಡ.

ಅವರು ಹತ್ತಿರ ಬಂದರೆ ಮೈ ಮರಗಟ್ಟುತ್ತೆ. ನನಗೆ ಅವರ ಮೇಲೆ ಪ್ರೀತಿ ಇಲ್ವಾ?

ಪ್ರೀತಿ ಇದ್ದರೂ ಹೀಗಾಗುತ್ತದೆ. ಯಾವುದೋ ವಾಸನೆ, ಕತ್ತಲೆ, ಮೈಮೇಲಿನ ಭಾರ, ಹಿಂದಿನಿಂದ ಬಂದು ಹಿಡಿಯುವುದು, ಇದರಲ್ಲಿ ಒಂದು ಸಾಕು, ಮೈಗೆ ಹಳೆಯ ದಿನ ನೆನಪಾಗುತ್ತದೆ. ಯಾವುದರಿಂದ ಹಾಗಾಗುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ. "ಲೈಟ್ ಇರಲಿ", "ಹಿಂದಿನಿಂದ ಬಂದು ಮುಟ್ಟಬೇಡಿ" ಅಂತ ಹೇಳಬಹುದು. ನಿಲ್ಲಿಸಿ ಅಂದರೆ ನಿಲ್ಲಿಸಬೇಕು ಅನ್ನುವ ಒಪ್ಪಂದ ಇರಲಿ. ಕೆಲವು ವಾರ ಕೈ ಹಿಡಿದು ಕೂರುವುದು, ತಲೆಗೆ ಎಣ್ಣೆ ಹಚ್ಚುವುದು ಇಷ್ಟರಲ್ಲೇ ಇರೋಣ ಅಂತ ಇಬ್ಬರೂ ಒಪ್ಪಿದರೆ ಎಷ್ಟೋ ಜನರಿಗೆ ಉಸಿರು ಬಂದಂತಾಗುತ್ತದೆ. ಮುಟ್ಟಿದ್ದೆಲ್ಲ ಅಲ್ಲಿಗೇ ಹೋಗಿ ಮುಟ್ಟುವುದಿಲ್ಲ ಅಂತ ಮೈಗೆ ಗೊತ್ತಾಗಬೇಕು. ಮದುವೆ ಆಗಿದೆ ಅಂದಮಾತ್ರಕ್ಕೆ ನಿಮ್ಮ ಒಪ್ಪಿಗೆ ಬೇಡ ಅಂತಲ್ಲ.

ಇನ್ನೊಂದು ವಿಷಯವನ್ನು ನಾಚಿಕೆಯಿಂದ ಯಾರೂ ಕೇಳುವುದಿಲ್ಲ. ಖಿನ್ನತೆಯೇ ಆಸೆಯನ್ನು ಕಡಿಮೆ ಮಾಡುತ್ತದೆ. ಅದಕ್ಕೆ ಕೊಡುವ ಎಸ್ಎಸ್ಆರ್‌ಐ ಗುಂಪಿನ ಮಾತ್ರೆಗಳಿಂದಲೂ ಹಲವರಿಗೆ ಹಾಗಾಗುತ್ತದೆ. ಡಾಕ್ಟರಿಗೆ ಹೇಳಿದರೆ ಪ್ರಮಾಣ ಅಥವಾ ಮಾತ್ರೆ ಬದಲಾಯಿಸಬಹುದು. ಹೇಳದೆ ಮಾತ್ರೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಬರಬಹುದು, ಖಿನ್ನತೆಯೂ ಮರಳಬಹುದು.

ಅಮ್ಮನಿಗೆ ಗೊತ್ತಿತ್ತು. ಸುಮ್ಮನಿದ್ದಳು. ಮಾಡಿದವನಿಗಿಂತ ಅವಳ ಮೇಲೇ ಕೋಪ ಜಾಸ್ತಿ. ಇದು ಸರೀನಾ?

ಈ ಪ್ರಶ್ನೆಯನ್ನು ತುಂಬ ಜನ ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ಕೋಪ ಸಹಜ. ಕಾಪಾಡುತ್ತಾಳೆ ಅಂತ ನಂಬಿದ್ದು ಅವಳನ್ನೇ ಅಲ್ವಾ? "ಇದನ್ನ ಯಾರಿಗೂ ಹೇಳ್ಬೇಡ, ನಾಳೆ ನಿನ್ನ ಮದುವೆ ಆಗ್ಬೇಕು" ಅಂದ ಆ ಒಂದು ಮಾತು ಎಷ್ಟೋ ಹೆಣ್ಣುಮಕ್ಕಳಿಗೆ ಹಿಂಸೆಗಿಂತ ಹೆಚ್ಚು ನೆನಪಿರುತ್ತದೆ.

ಅಮ್ಮನ ಕೈಯಲ್ಲಿ ದುಡ್ಡಿರಲಿಲ್ಲ, ಅವಳೂ ಏಟು ತಿನ್ನುತ್ತಿದ್ದಳು, ಹೋಗುವುದಕ್ಕೆ ಬೇರೆ ಮನೆ ಇರಲಿಲ್ಲ. ಇದೆಲ್ಲ ನಿಜ ಇರಬಹುದು. ಅವಳ ಅಸಹಾಯಕತೆ ಅರ್ಥವಾಗುವುದು ಒಂದು, ಅದರಿಂದ ನಿಮ್ಮ ಕೋಪ ತಪ್ಪು ಅಂತಾಗುವುದು ಇನ್ನೊಂದು. ಎರಡೂ ಒಟ್ಟಿಗೆ ಮನಸ್ಸಿನಲ್ಲಿ ಇರಬಹುದು. ಅವಳ ಜೊತೆ ಈ ಮಾತು ಎತ್ತುವ ಮುಂಚೆ ನಿಮಗೇನು ಬೇಕು ಅಂತ ಕೇಳಿಕೊಳ್ಳಿ. ಒಪ್ಪಿಕೊಳ್ಳಬೇಕಾ, ಅಳಬೇಕಾ, "ತಪ್ಪಾಯ್ತು ಮಗಳೇ" ಅನ್ನಬೇಕಾ? "ನಂಗೇನೂ ನೆನಪಿಲ್ಲ" ಅಂದುಬಿಟ್ಟರೆ ಆ ಸಂಜೆ ನೀವು ಎಲ್ಲಿರುತ್ತೀರಿ, ಯಾರ ಜೊತೆ ಇರುತ್ತೀರಿ? ಅದಕ್ಕೊಂದು ಉತ್ತರ ಇಲ್ಲದಿದ್ದರೆ ಈ ಮಾತು ಇನ್ನೂ ಸ್ವಲ್ಪ ದಿನ ಕೌನ್ಸೆಲರ್ ಕೋಣೆಯಲ್ಲೇ ಇರಲಿ.

ಆ ಮನುಷ್ಯ ನೆಂಟ. ಮದುವೆ, ನಾಮಕರಣ ಎಲ್ಲದಕ್ಕೂ ಬರ್ತಾನೆ. ಕಾಲಿಗೆ ನಮಸ್ಕಾರ ಮಾಡು ಅಂತಾರೆ.

ಮಾಡಬೇಡಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹೇಗೆ ತಪ್ಪಿಸಿಕೊಳ್ಳುವುದು ಅನ್ನುವುದೇ ಕಷ್ಟ. ಹೋಗಲೇಬೇಕಾದ ಕಾರ್ಯಕ್ರಮ ಆದರೆ ಮೊದಲೇ ಯೋಜನೆ ಇರಲಿ. ಮುಹೂರ್ತಕ್ಕೆ ಹೋಗಿ ಊಟಕ್ಕೆ ಮುಂಚೆ ಹೊರಡುತ್ತೀರಾ? ಪಕ್ಕದಲ್ಲೇ ಇರುವುದಕ್ಕೆ ಅಕ್ಕನೋ ಗೆಳತಿಯೋ ಬರುತ್ತಾರಾ? ಆ ಮನೆಯಲ್ಲಿ ರಾತ್ರಿ ಉಳಿಯದೆ ಬೇರೆ ಕಡೆ ಮಲಗಬಹುದಾ? ದೂರದಿಂದ ಕೈ ಮುಗಿಯುವುದು, ಮಗುವನ್ನು ಎತ್ತಿಕೊಂಡು ನಿಲ್ಲುವುದು, "ಸೊಂಟ ನೋವು, ಬಗ್ಗೋಕಾಗಲ್ಲ" ಅನ್ನುವುದು ಎಲ್ಲವೂ ನಡೆಯುತ್ತದೆ. ನೆಪ ಹೇಳಿದರೆ ಪಾಪ ಬರುವುದಿಲ್ಲ. ಹೋಗದಿರುವುದೂ ಒಂದು ದಾರಿ.

ಇದಕ್ಕಿಂತ ಗಟ್ಟಿಯಾದ ಗಂಟು ಬಾಣಂತನ. ಮೊದಲ ಹೆರಿಗೆಗೆ ತವರಿಗೇ ಹೋಗಬೇಕು ಅನ್ನುತ್ತಾರೆ, ಹಿಂಸೆ ನಡೆದ ಮನೆಯೇ ತವರು. ಮೈ ಸೋತಿರುತ್ತದೆ, ನಿದ್ದೆ ಇರುವುದಿಲ್ಲ, ಕೈಯಲ್ಲಿ ಹಸುಗೂಸು, ಅದೂ ಹೆಣ್ಣಾಗಿದ್ದರೆ ಭಯ ಇನ್ನೂ ಜಾಸ್ತಿ. ಬಾಣಂತಿಯರಿಗೆ ಖಿನ್ನತೆ ಬರುವ ಸಾಧ್ಯತೆ ಹೇಗೂ ಇರುತ್ತದೆ. ಇಂಥವರಿಗೆ ಆ ಮನೆ ಸರಿಯಲ್ಲ. ಗಂಡನ ಮನೆಯಲ್ಲೇ ಬಾಣಂತನ ಮಾಡಿಸಿಕೊಳ್ಳುವುದು, ದೊಡ್ಡಮ್ಮನನ್ನೋ ಸಂಬಳದ ಆಯಾಳನ್ನೋ ಕರೆಸಿಕೊಳ್ಳುವುದು, ಇದನ್ನು ಏಳನೇ ತಿಂಗಳಿಗೆ ಮುಂಚೆಯೇ ತೀರ್ಮಾನ ಮಾಡಿ. ಕಾರಣ ಕೇಳಿದವರಿಗೆ "ಡಾಕ್ಟರ್ ಪ್ರಯಾಣ ಬೇಡ ಅಂದಿದ್ದಾರೆ" ಅಂದರೆ ಸಾಕು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಸುರಿಯಾದ ತಕ್ಷಣ ಮನೋವೈದ್ಯರಿಗೆ ತಿಳಿಸಿ.

ಕ್ಷಮಿಸಿದರೆ ಮನಸ್ಸು ಹಗುರ ಆಗುತ್ತೆ ಅಂತಾರೆ. ಕ್ಷಮಿಸಬೇಕಾ?

ಚಿಕಿತ್ಸೆಗೆ ಅದು ಷರತ್ತಲ್ಲ. ಕ್ಷಮಿಸದೆಯೂ ಜನ ಖಿನ್ನತೆಯಿಂದ ಹೊರಬಂದಿದ್ದಾರೆ.

ಮಕ್ಕಳ ಮೇಲೆ ರೇಗ್ತೀನಿ, ಕೈ ಎತ್ತಿಬಿಡ್ತೀನಿ. ನಾನೂ ಅವರ ಥರಾನೇ ಆಗಿಬಿಟ್ನಾ?

ಈ ಭಯ ಇದೆಯಲ್ಲ, ಅದು ನಿಮ್ಮ ಪರವಾಗಿದೆ. ಹಿಂಸೆ ಕಂಡವರೆಲ್ಲ ಹಿಂಸೆ ಕೊಡುವವರಾಗುವುದಿಲ್ಲ. ಖಿನ್ನತೆಯಲ್ಲಿ ಸಿಡುಕು ಒಂದು ಲಕ್ಷಣ. ಸಂಜೆ ಆರರಿಂದ ಎಂಟು, ಹೋಂವರ್ಕ್, ಅಡುಗೆ, ಗಲಾಟೆ ಇರುವ ಹೊತ್ತಿನಲ್ಲಿ ಅದು ಮೇಲೆ ಬರುತ್ತದೆ. ಆ ಎರಡು ಗಂಟೆ ನೆರವಿಗೆ ಯಾರಾದರೂ ಸಿಗುತ್ತಾರಾ ನೋಡಿ. ಕೈ ಮೇಲೆದ್ದಾಗ ಮಗು ಸುರಕ್ಷಿತವಾಗಿದ್ದರೆ ಪಕ್ಕದ ಕೋಣೆಗೆ ಹೋಗಿ ಬನ್ನಿ. ಹೊಡೆದುಬಿಟ್ಟಿದ್ದರೆ ಮಗುವಿನ ಹತ್ತಿರ ಕೂತು "ಅಮ್ಮ ಹೊಡೆದಿದ್ದು ತಪ್ಪು. ನಿಂದೇನೂ ತಪ್ಪಿಲ್ಲ. ಅಮ್ಮನಿಗೆ ಹುಷಾರಿಲ್ಲ, ಮಾತ್ರೆ ತಗೋತಿದ್ದಾಳೆ" ಅನ್ನಿ. ನಿಮಗೆ ಯಾರೂ ಹೀಗೆ ಹೇಳಿರಲಿಲ್ಲ. ಪದೇ ಪದೇ ಆಗುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಡಾಕ್ಟರಿಗೆ ಹೇಳಿದ್ದು ಮನೆಯವರಿಗೆ ಗೊತ್ತಾಗುತ್ತಾ?

2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು. ಜೀವಕ್ಕೆ ಅಪಾಯ, ಕೋರ್ಟಿನ ಆದೇಶ ಥರದ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ.

ಇದೇ ಕಾಯ್ದೆಯಲ್ಲಿ ನಿಮಗೆ ಬೇಕಾದ ಇನ್ನೊಂದು ಅಂಶ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ನೀವು ತೀರಾ ಹುಷಾರಿಲ್ಲದಾಗ ನಿಮ್ಮ ಪರವಾಗಿ ಮಾತಾಡುವುದಕ್ಕೆ ನಾಮನಿರ್ದೇಶಿತ ಪ್ರತಿನಿಧಿಯೊಬ್ಬರನ್ನು ನೀವೇ ಆರಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಆಯಿತು. ಆ ವ್ಯಕ್ತಿ ವಯಸ್ಕರಾಗಿರಬೇಕು, ಒಪ್ಪಿರಬೇಕು. ರಕ್ತಸಂಬಂಧಿಯೇ ಆಗಬೇಕಿಲ್ಲ, ಗೆಳತಿಯೂ ಆಗಬಹುದು. ಯಾವಾಗ ಬೇಕಾದರೂ ಬದಲಾಯಿಸಬಹುದು. ನೀವು ಯಾರನ್ನೂ ಆರಿಸದಿದ್ದರೆ ಆ ಜಾಗಕ್ಕೆ ನೆಂಟರು ಬರುತ್ತಾರೆ. ನೋಯಿಸಿದವರೇ ನೆಂಟರಾಗಿದ್ದರೆ? ಅದಕ್ಕೇ ಈ ಹಾಳೆಯನ್ನು ಹುಷಾರಾಗಿರುವಾಗಲೇ ಬರೆದಿಡಿ.

ಈಗಿನ ಗಂಡನೇ ಹೊಡೆಯುತ್ತಾನೆ. ಸಂಬಂಧ ಸುಧಾರಿಸೋದು ಹೇಗೆ?

ಈ ಪ್ರಶ್ನೆಗೆ ಮೇಲಿನ ಯಾವ ಸಲಹೆಯೂ ಹೊಂದುವುದಿಲ್ಲ. ಏಟು ಬೀಳುವ ಮನೆಯಲ್ಲಿ ನಯವಾಗಿ ಮಾತಾಡುವುದನ್ನು ನೀವು ಕಲಿತರೆ ಏಟು ನಿಲ್ಲುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುವ ಕೌನ್ಸೆಲಿಂಗ್ ಕೂಡ ಇಲ್ಲಿ ಅಪಾಯ, ಅಲ್ಲಿ ಹೇಳಿದ್ದಕ್ಕೆ ಮನೆಯಲ್ಲಿ ಶಿಕ್ಷೆ ಸಿಗಬಹುದು. ಮೊದಲು ಸುರಕ್ಷತೆ. ಮಹಿಳಾ ಸಹಾಯವಾಣಿ 181. ತುರ್ತು ಇದ್ದರೆ 112. ಸಖಿ ಕೇಂದ್ರಗಳಲ್ಲಿ ತಾತ್ಕಾಲಿಕವಾಗಿ ಉಳಿಯುವುದಕ್ಕೆ ಜಾಗ, ವೈದ್ಯಕೀಯ, ಪೊಲೀಸ್, ಕಾನೂನು ನೆರವು ಒಂದೇ ಕಡೆ ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆಯ ಆದೇಶ, ಆ ಮನೆಯಲ್ಲೇ ವಾಸಿಸುವ ಹಕ್ಕು ಕೇಳಬಹುದು.

ಇಷ್ಟು ವರ್ಷದ ಮೇಲೆ ದೂರು ಕೊಡಬಹುದಾ?

ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಿಗೆ ನಮ್ಮ ಕಾನೂನಿನಲ್ಲಿ ಕಾಲಮಿತಿ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಇರುವ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಿಂದಿನದಕ್ಕೆ ಆಗಿದ್ದ ಕಾನೂನು ಅನ್ವಯಿಸುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ದೂರು ಕೊಡುವುದು ಬಿಡುವುದು ನಿಮ್ಮ ತೀರ್ಮಾನ, ಗುಣವಾಗುವುದಕ್ಕೆ ಅದು ಬೇಕೇ ಬೇಕು ಅಂತಿಲ್ಲ. ಆದರೆ ಆ ಮನುಷ್ಯನಿಂದ ಈಗ ಬೇರೆ ಮಗುವಿಗೆ ತೊಂದರೆ ಆಗುತ್ತಿದೆ ಅಂತ ಗೊತ್ತಾದರೆ ತಡ ಮಾಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಾನು ಗಂಡ (ಅಥವಾ ಅಕ್ಕ, ಗೆಳತಿ). ನಾನೇನು ಮಾಡಲಿ?

ನಂಬಿ. ವಿವರ ಕೇಳಬೇಡಿ. "ಮರೆತುಬಿಡು" ಅನ್ನಬೇಡಿ. "ಇವತ್ತು ನನ್ನಿಂದ ಏನಾಗಬೇಕು?" ಅಂತ ಕೇಳಿ. ಆಸ್ಪತ್ರೆಯ ಸಾಲಿನಲ್ಲಿ ಜೊತೆಗೆ ನಿಲ್ಲುವುದು, ಅವಳು ಒಳಗಿರುವಾಗ ಮಗುವನ್ನು ನೋಡಿಕೊಳ್ಳುವುದು, "ಏಳಕ್ಕೆ ಬರ್ತೀನಿ" ಅಂದರೆ ಏಳಕ್ಕೇ ಬರುವುದು, ಇಂಥವು ದೊಡ್ಡ ಮಾತುಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಅವಳು ಸಾವಿನ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕ ಕೈಗೆ ಸಿಗದ ಹಾಗಿಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮೂರಲ್ಲಿ ಇಂಥ ಚಿಕಿತ್ಸೆ ಎಲ್ಲಿ ಸಿಗುತ್ತೆ?

ಮಾನಸಿಕ ಆರೋಗ್ಯದ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೊಡ್ಡವು. ಅಷ್ಟು ದೂರ ಹೋಗುವ ಮುಂಚೆ ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಇಡೀ ದೇಶಕ್ಕೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿದ ಕೆಲಸದಿಂದ. ಐಪಿಟಿ ಅಂತ ಹೆಸರು ಹೇಳಿ ಮಾಡುವವರು ಎಲ್ಲ ಕಡೆ ಸಿಗುವುದಿಲ್ಲ. "ನನ್ನ ಖಿನ್ನತೆಗೂ ಮನೆಯ ಸಂಬಂಧಗಳಿಗೂ ನಂಟಿದೆ, ಅದರ ಬಗ್ಗೆ ಮಾತಾಡಬೇಕು. ಹೆಂಗಸರಾದರೆ ಒಳ್ಳೇದು" ಅಂತ ಕೇಳಿ. ಆಸ್ಪತ್ರೆಯ ಮನಃಶಾಸ್ತ್ರಜ್ಞರು, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಈ ಕೆಲಸ ಮಾಡುತ್ತಾರೆ. ಹೊರದೇಶದಲ್ಲಿದ್ದು ಕನ್ನಡದಲ್ಲೇ ಮಾತಾಡಬೇಕು ಅನ್ನಿಸಿದರೆ ಆನ್‌ಲೈನ್‌ನಲ್ಲಿ ಹುಡುಕಬಹುದು, ಆದರೆ ತುರ್ತಿಗೆ ಇದ್ದ ಊರಿನ ಸಹಾಯವಾಣಿಯ ನಂಬರನ್ನೂ ಇಟ್ಟುಕೊಂಡಿರಿ.

ಎಷ್ಟು ದಿನ ಬೇಕು? ಹುಷಾರಾದ ಮೇಲೆ ಮತ್ತೆ ಬಂದರೆ?

ಮಾತ್ರೆಯ ಪರಿಣಾಮ ಕಾಣುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ 6ರಿಂದ 8 ವಾರವೂ ಆಗುತ್ತದೆ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅನ್ನುತ್ತಾರೆ, ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ದಿನ. ಸಂಬಂಧಗಳು ಅದಕ್ಕಿಂತ ನಿಧಾನ. ನಡುವೆ ಕೆಲವು ವಾರ ಹಿಂದಕ್ಕೆ ಹೋದಂತೆ ಅನಿಸಬಹುದು. ಮೊದಲ ಸಲ "ಇಲ್ಲ" ಅಂದಾಗ ಮನೆಯಲ್ಲಿ ಗಲಾಟೆ ಜಾಸ್ತಿಯಾಗುವುದೂ ಉಂಟು. ಇಷ್ಟು ದಿನ ಎಲ್ಲದಕ್ಕೂ ಹೂಂ ಅನ್ನುತ್ತಿದ್ದವಳು ಬದಲಾದರೆ ಸುತ್ತಲಿನವರಿಗೂ ಹೊಂದಿಕೊಳ್ಳಲು ಸಮಯ ಬೇಕು. ಕೆಲವರು ಹೊಂದಿಕೊಳ್ಳುವುದೇ ಇಲ್ಲ, ಅವರ ಜೊತೆ ಮಾತು ಕಡಿಮೆಯಾಗುತ್ತದೆ. ಹಾಗೆ ದೂರ ಇಡುವುದೂ ಗುಣವಾಗುವುದರ ಭಾಗವೇ.

ಮತ್ತೆ ಬರುವ ಮುಂಚೆ ಸೂಚನೆಗಳಿರುತ್ತವೆ. ಒಬ್ಬೊಬ್ಬರಿಗೆ ಒಂದೊಂದು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು, ಗೆಳತಿಯ ಫೋನ್ ಎತ್ತದಿರುವುದು, ತಲೆ ಬಾಚಿಕೊಳ್ಳುವುದಕ್ಕೂ ಬೇಜಾರಾಗುವುದು. ಹುಷಾರಾಗಿರುವಾಗಲೇ ನಿಮ್ಮ ಮೂರು ಸೂಚನೆಗಳನ್ನು ಒಂದು ಚೀಟಿಯಲ್ಲಿ ಬರೆದು, ನೀವು ನಂಬುವ ಒಬ್ಬರ ಕೈಗೆ ಕೊಟ್ಟು, "ಇದು ಕಂಡ್ರೆ ನನ್ನನ್ನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು" ಅಂತ ಹೇಳಿಡಿ.